ಕಪ್ಪು ಹೊಳೆಯನ್ನು ದಾಟಿದ ಬಗೆ
(ಒಂದು ಕಥಾಭ್ಯಾಸ)

ಅದ್ಭುತ ಕಥೆಗಳಲ್ಲಿ ಹೊಳೆ ದಾಟುವ ಪ್ರಸಂಗ ಮತ್ತೆ ಮತ್ತೆ ಬರುತ್ತದೆ. ನಮ್ಮ ಪುರಾಣಗಳಲ್ಲಿ ಯಮಲೋಕದ ದಾರಿಗೆ ಅಡ್ಡವಾಗಿ ವೈತರಣಿ ಹರಿಯುತ್ತದೆ. ಗೋದಾನ ಮಾಡಿದವನು ಹಸುವಿನ ಬಾಲ ಹಿಡಿದು ಅದನ್ನು ದಾಟುತ್ತಾನೆಂಬುದು ನಂಬಿಕೆ. ಗ್ರೀಕರ ಪಾತಾಳದಲ್ಲಿ ಲೀಥಿ ಎಂಬ ನದಿಯುಂಟು. ಅದರ ನೀರನ್ನು ಕುಡಿದವರಿಗೆ ಹಿಂದಿನದೆಲ್ಲ ಮರೆತುಹೋಗುತ್ತದೆ. ಕಲ್ಪನೆಯ ಹೊಳೆಯೆಂದು ಬಲ್ಲ ನಾವೇ, ಓದುವಾಗ ಮಾತ್ರ ದಡದಲ್ಲಿ ನಿಂತವನಿಗಾಗಿ ಉಸಿರು ಬಿಗಿಹಿಡಿಯುತ್ತೇವೆ. ಇದಕ್ಕೆ ಕಾರಣವೇನು? ಒಂದು ಕಥೆಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕಿನ್ (1892–1973) ಅವರ ‘ದಿ ಹಾಬಿಟ್’ 1937ರಲ್ಲಿ ಪ್ರಕಟವಾಯಿತು. ಬೆಂಕಿಯುಗುಳುವ ಘಟಸರ್ಪವೊಂದು ಕಸಿದುಕೊಂಡ ನಿಧಿಯನ್ನು ಮರಳಿ ಪಡೆಯಲು ಥೋರಿನ್ ಎಂಬ ನಾಯಕನೊಡನೆ ಒಟ್ಟು 13 ಮಂದಿ ಕುಬ್ಜರು ಹೊರಡುತ್ತಾರೆ. ಅವರ ಜೊತೆಗೆ ಬಿಲ್ಬೋ ಎಂಬ, ಮನೆಯನ್ನೂ ಊಟವನ್ನೂ ಪ್ರೀತಿಸುವ ಪುಟ್ಟ ಗೃಹಸ್ಥನೊಬ್ಬ. ದಾರಿಯಲ್ಲಿ ಮರ್ಕ್‌ವುಡ್ ಎಂಬ ಕಗ್ಗಾಡು ಅಡ್ಡ ಬರುತ್ತದೆ. ಅದುವರೆಗೆ ಜೊತೆಗಿದ್ದ ಮಾಂತ್ರಿಕ ಗಂಡಾಲ್ಫ್ ಕಾಡಿನ ಅಂಚಿನಲ್ಲಿಯೇ ಬೀಳ್ಕೊಂಡು ಹೋಗಿದ್ದಾನೆ. ಇನ್ನು ಅವರಿಗೆ ಅವರೇ ದಿಕ್ಕು.

ನಾವು ಗಮನಿಸತಕ್ಕ ಮೊದಲನೆಯ ಅಂಶವೆಂದರೆ, ಹೊಳೆಯ ನಿಯಮವನ್ನು ಹೊಳೆ ಬರುವುದಕ್ಕೆ ಮುಂಚೆಯೇ ಹೇಳಿರುವುದು. ಕಾಡು ಹೊಗುವ ಮೊದಲು ಅವರಿಗೆ ಆಶ್ರಯ ಕೊಟ್ಟ ಬೆಯೋರ್ನ್ ಎಂಬವನು ಎಚ್ಚರಿಸುತ್ತಾನೆ: ದಾರಿಗೆ ಅಡ್ಡವಾಗಿ ಒಂದು ಕಪ್ಪು ತೊರೆ ಹರಿಯುತ್ತದೆ, ಅದರ ನೀರನ್ನು ಕುಡಿಯಬಾರದು, ಅದರಲ್ಲಿ ಮೀಯಬಾರದು, ಅದರಲ್ಲಿ ನಿದ್ರೆಯನ್ನೂ ಮರೆವನ್ನೂ ತರುವ ಮಾಯೆಯಿದೆ. ಆಪತ್ತು ಬಂದ ಮೇಲೆ ನಿಯಮವನ್ನು ಹೊಸದಾಗಿ ಕಟ್ಟಿದರೆ ಓದುಗನು ಮೋಸಹೋದಂತಾಗುತ್ತದೆ. ಇಲ್ಲಿ ಹಾಗಿಲ್ಲ. ತೊರೆ ಕಣ್ಣಿಗೆ ಬೀಳುತ್ತಲೇ ನಾವು ಆ ಕುಬ್ಜರಷ್ಟೇ ಅಂಜುತ್ತೇವೆ.

ಎರಡನೆಯ ಅಂಶ, ದಾಟುವ ಉಪಾಯ. ನೀರು ಮಾಯೆಯದು; ಉಪಾಯ ಮಾತ್ರ ನಮ್ಮ ನಿಮ್ಮಂತಹವರದು. ಸೇತುವೆ ಮುರಿದುಹೋಗಿದೆ. ಆಚೆ ದಡದಲ್ಲಿ ದೋಣಿಯಿರುವುದನ್ನು ಬಿಲ್ಬೋ ಕತ್ತಲೆಯಲ್ಲೂ ಕಂಡುಹಿಡಿಯುತ್ತಾನೆ. ದೂರವೆಷ್ಟು? ಕುಬ್ಜರ ಅಂದಾಜಿಗೆ 30 ಗಜವಾದರೂ ಉಂಟು. ಬಿಲ್ಬೋ 12 ಗಜಕ್ಕಿಂತ ಹೆಚ್ಚಿಲ್ಲವೆನ್ನುತ್ತಾನೆ. ಹಗ್ಗಕ್ಕೆ ಕಬ್ಬಿಣದ ಕೊಕ್ಕೆ ಕಟ್ಟಿ ಫೀಲಿ ಎಂಬ ತರುಣ ಎಸೆಯುತ್ತಾನೆ, ದೋಣಿ ಸಿಕ್ಕುತ್ತದೆ. ಆದರೆ ಅಂಬಿಗನೂ ಇಲ್ಲ, ಹುಟ್ಟೂ ಇಲ್ಲ. ಆಗ ಇನ್ನೊಂದು ಕೊಕ್ಕೆಯನ್ನು ಆಚೆ ದಡದ ಮರದ ಕೊಂಬೆಗೆ ಸಿಕ್ಕಿಸುತ್ತಾರೆ. ಒಂದು ಹಗ್ಗ ಹಿಡಿದು ಮುಂದಕ್ಕೆ ಹೋಗುವುದು, ಇನ್ನೊಂದರಿಂದ ಬರಿಯ ದೋಣಿಯನ್ನು ಹಿಂದಕ್ಕೆ ಸೆಳೆದುಕೊಳ್ಳುವುದು. ದೋಣಿ ಹಿಡಿಯುವುದು ನಾಲ್ವರನ್ನು. ಹದಿನಾಲ್ಕು ಮಂದಿ 4, 4, 4 ಮತ್ತು 2ರಂತೆ ನಾಲ್ಕು ಸಲಕ್ಕೆ ದಾಟಬೇಕು. ಲೆಕ್ಕ ಸರಿಹೋಗುತ್ತದೆ, ಆದುದರಿಂದಲೇ ಹೊಳೆಯೂ ನಿಜವೆನಿಸುತ್ತದೆ.

ಮೂರನೆಯದು, ತೆರಬೇಕಾದ ಬೆಲೆ. ಎಲ್ಲರಿಗಿಂತ ದಪ್ಪನಾದ ಬಾಂಬರ್ ಕೊನೆಯ ದೋಣಿಯಲ್ಲಿ ಬರಬೇಕೆಂದು ಥೋರಿನ್ನನ ಅಪ್ಪಣೆ. ಯಾವಾಗಲೂ ನಾನೇ ಕೊನೆಯವನೆಂದು ಅವನು ಗೊಣಗುತ್ತಾನೆ. ಹನ್ನೆರಡು ಮಂದಿ ದಾಟಿದ್ದಾರೆ. ಅವನ ಸಂಗಾತಿಯೂ ದಡಕ್ಕೆ ಏರಿದ್ದಾನೆ. ಬಾಂಬರ್ ಒಂದು ಕಾಲನ್ನು ನೆಲದ ಮೇಲೆ ಇಟ್ಟಿದ್ದಾನೆ. ಅಷ್ಟರಲ್ಲಿ ಕತ್ತಲೆಯೊಳಗಿಂದ ಒಂದು ಜಿಂಕೆ ನುಗ್ಗಿ ಬಂದು ಅವನ ಮೇಲೆಯೇ ಹಾರುತ್ತದೆ. ಅವನು ತತ್ತರಿಸಿ ನೀರಿಗೆ ಬೀಳುತ್ತಾನೆ, ದೋಣಿ ತೇಲಿಹೋಗುತ್ತದೆ. ಹಗ್ಗವೆಸೆದು ಎಳೆದು ತೆಗೆದಾಗ ಅವನಿಗೆ ಗಾಢನಿದ್ರೆ. ದಿನಗಟ್ಟಲೆ, ಸರದಿಯ ಮೇಲೆ ನಾಲ್ಕು ನಾಲ್ಕು ಮಂದಿ ಅವನನ್ನು ಹೊರಬೇಕಾಯಿತು. ಕೊನೆಗೆ ಎಚ್ಚೆತ್ತಾಗ ಪ್ರಯಾಣದ ಒಂದು ಸಂಗತಿಯೂ ಅವನಿಗೆ ನೆನಪಿಲ್ಲ. ಉಪಾಯವಾವುದೂ ತಪ್ಪಲಿಲ್ಲ, ಆದರೂ ಹೊಳೆ ತನ್ನ ಪಾಲನ್ನು ತೆಗೆದುಕೊಂಡಿತು. ನಿಯಮವನ್ನು ಹೇಳಿದ ಲೇಖಕರು, ಪ್ರೀತಿಯ ಪಾತ್ರವೆಂದು ಅದನ್ನು ಸಡಿಲಿಸಲಿಲ್ಲ.

ಇದೇ ಲೇಖಕರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯ ಮೊದಲ ಸಂಪುಟ (1954) ಇನ್ನೊಂದು ಹೊಳೆಯನ್ನು ತೋರಿಸುತ್ತದೆ. ಅಲ್ಲಿ ಬ್ರೂಯಿನೆನ್ ನದಿ ಮಿತ್ರರ ಪಕ್ಷದ್ದು. ಗಾಯಗೊಂಡ ಫ್ರೋಡೋ ಬಿಳಿಯ ಕುದುರೆಯ ಮೇಲೆ ಆಚೆ ದಡ ಸೇರುತ್ತಾನೆ. ಬೆನ್ನಟ್ಟಿದ ಕರಿಯ ಸವಾರರನ್ನು ಪ್ರವಾಹ ಕೊಚ್ಚಿಕೊಂಡು ಹೋಗುತ್ತದೆ. ಆದರೆ ಅಲ್ಲಿಯೂ ಗಾಯ ಪೂರ್ತಿ ಮಾಯುವುದಿಲ್ಲ. ವರ್ಷ ಕಳೆದು ಅದೇ ದಿನ ಬಂದರೆ ನೋವು ಮರುಕಳಿಸುತ್ತದೆ. ದಾಟಿದೆನೆಂದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವ ಲೋಕವೆಂದು ನಮ್ಮ ಹಿರಿಯರು ಆಡಿಕೊಳ್ಳುವುದುಂಟು. ಬಾಂಬರನ ಮರೆವು ಅದಕ್ಕಿಂತ ದೊಡ್ಡದು. ಹೊರಟ ಮೇಲೆ ನಡೆದುದನ್ನೆಲ್ಲ ಅವನು ಮರೆತಿದ್ದಾನೆ. ಅವನ ಸಂಗಡಿಗರು ಗೊಣಗಿದರು, ಬೈದರು. ಆದರೆ ಅವನನ್ನು ಕಾಡಿನಲ್ಲಿ ಬಿಟ್ಟುಹೋಗಲಿಲ್ಲ. ಎಚ್ಚೆತ್ತ ಮೇಲೆ, ನಂಬಲೊಲ್ಲದವನಿಗೆ ನಡೆದುದನ್ನೆಲ್ಲ ಮೊದಲಿನಿಂದ ಹೇಳಿದರು. ಒಬ್ಬನು ಕಳೆದುಕೊಂಡ ನೆನಪನ್ನು ಉಳಿದವರು ಇಟ್ಟುಕೊಂಡಿದ್ದು ಹಿಂದಿರುಗಿಸಿದರು. ಹಲವು ಹೊಳೆಗಳನ್ನು ದಾಟಿ ಪರಸ್ಥಳಕ್ಕೆ ಬಂದು ನೆಲೆಸಿ, ಸಂಜೆ ಈ ವಾಚನಾಲಯದಲ್ಲಿ ಕೂಡುವ ನಮಗೆ ಈ ಭಾಗ ಬರಿಯ ಮಕ್ಕಳ ಕಥೆಯಾಗಿ ಕಾಣುವುದಿಲ್ಲ. ನಮ್ಮ ಮನೆಯ ಕಿರಿಯರಿಗೆ ಹೊರಟುಬಂದ ಊರಿನ ಕಥೆಯನ್ನು ಮೊದಲಿನಿಂದ ಹೇಳುವ ಸರದಿ ಈಗ ಯಾರದು?

ಅಭ್ಯಾಸ

1. ಹೊಳೆಯ ಗುಣ ಮೊದಲೇ ತಿಳಿಯದಿದ್ದರೆ ಬಾಂಬರ್ ಬಿದ್ದ ಸಂಗತಿ ಓದುಗನಿಗೆ ಹೇಗೆ ತೋರುತ್ತಿತ್ತು?

2. ಅಂಬಿಗನೊಬ್ಬನು ಅಲ್ಲಿದ್ದಿದ್ದರೆ ಕಥೆಗೆ ಲಾಭವೋ ನಷ್ಟವೋ?

3. ನೀವು ಕೇಳಿ ಬಲ್ಲ ಅಜ್ಜಿಕಥೆಯೊಂದರಲ್ಲಿ ಹೊಳೆ ದಾಟುವ ಸಂದರ್ಭವನ್ನು ನೆನೆದು, ಅದರ ನಿಯಮ, ಉಪಾಯ, ಬೆಲೆ ಈ ಮೂರನ್ನೂ ಗುರುತಿಸಿ ಬರೆಯಿರಿ.