ಮೈಮೇಲಿನ ಆಂಟೆನಾ: ಪ್ರಾಜೆಕ್ಟ್ ಗೆಲ್ಲಿಸುವ 6 ಸೂತ್ರಗಳು

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವೈರ್‌ಲೆಸ್ ಬಾಡಿ ಏರಿಯಾ ನೆಟ್‌ವರ್ಕ್ ಆರಿಸಿಕೊಂಡಿದ್ದೀರಾ? ಭೇಷ್! ಎದೆಗಂಟಿಸಿದ ಇಸಿಜಿ ಪ್ಯಾಚ್ ಆಗಲಿ, ಸ್ಮಾರ್ಟ್‌ವಾಚ್ ಆಗಲಿ, ಆಂಟೆನಾ ಸೋತರೆ ಎಲ್ಲವೂ ಮೂಕ. "ಫೀಲ್ಡ್ ಥಿಯರಿ ನನ್ನ ತಲೆಗೆ ಹತ್ತಲ್ಲ" ಅನ್ನುವ ರಾಗ ಇವತ್ತೇ ನಿಲ್ಲಿಸಿ.

1. ಮೊದಲು ಬ್ಯಾಂಡ್ ಆರಿಸಿ.
2012ರ ಐಇಇಇ 802.15.6 ಸ್ಟ್ಯಾಂಡರ್ಡ್ ತೆರೆದು ಕೂರಿ. ದೇಹದೊಳಗಿನ ಇಂಪ್ಲಾಂಟ್‌ಗೆ 402–405 ಮೆಗಾಹರ್ಟ್ಸ್, ಮೈಮೇಲಿನ ಸಾಧನಕ್ಕೆ 2.4 ಗಿಗಾಹರ್ಟ್ಸ್ ನೋಡಿ. ಫ್ರೀಕ್ವೆನ್ಸಿ ಇಳಿದರೆ ಸಿಗ್ನಲ್ ಮಾಂಸದೊಳಗೆ ಹೆಚ್ಚು ದೂರ ಹೋಗುತ್ತದೆ, ಆದರೆ ಆಂಟೆನಾ ದೊಡ್ಡದಾಗುತ್ತದೆ.

2. ಸಿಮ್ಯುಲೇಷನ್‌ನಲ್ಲಿ ಮೊದಲ ದಿನವೇ ದೇಹ ಇಡಿ.
ಗಾಳಿಯಲ್ಲಿ 2.45 ಗಿಗಾಹರ್ಟ್ಸ್‌ಗೆ ಟ್ಯೂನ್ ಆದ ಆಂಟೆನಾ ಮೈಗೆ ತಾಗಿದ ಕೂಡಲೇ ಕೆಳಕ್ಕೆ ಜಾರುತ್ತದೆ. ಕಾರಣ ಸರಳ: ಈ ಫ್ರೀಕ್ವೆನ್ಸಿಯಲ್ಲಿ ಸ್ನಾಯುವಿನ ಪರ್ಮಿಟಿವಿಟಿ ಸುಮಾರು 53, ಕೊಬ್ಬಿನದು ಬರೀ 5ರ ಆಸುಪಾಸು. ಚರ್ಮ, ಕೊಬ್ಬು, ಸ್ನಾಯು ಎಂದು ಮೂರು ಪದರದ ಮಾಡೆಲ್ ಕಟ್ಟಿ. ಕೊಬ್ಬಿನ ದಪ್ಪ ಬದಲಿಸಿ ಮತ್ತೆ ಓಡಿಸಿ. ನಿಮ್ಮ ಗ್ರಾಹಕರೆಲ್ಲ ತೆಳ್ಳಗಿರುವುದಿಲ್ಲ.

3. ಎಸ್‌11 ಗ್ರಾಫ್ ನೋಡಿ ಮೋಸಹೋಗಬೇಡಿ.
ಪ್ರಾಜೆಕ್ಟ್‌ಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ. ಎಸ್‌11 ಮೈನಸ್ 10 ಡಿಬಿ ಎಂದರೆ 90% ಪವರ್ ವಾಪಸ್ ಬರಲಿಲ್ಲ ಎಂದಷ್ಟೇ ಅರ್ಥ. ಅದು ಹೊರಗೆ ಹೋಯಿತೋ, ರೋಗಿಯ ಮೈಯಲ್ಲಿ ಶಾಖವಾಯಿತೋ ಗ್ರಾಫ್ ಹೇಳುವುದಿಲ್ಲ. ಡಮ್ಮಿ ಲೋಡ್‌ನ ಎಸ್‌11 ಕೂಡ ಅದ್ಭುತವಾಗಿರುತ್ತದೆ! ಹಾಗಾಗಿ ರೇಡಿಯೇಷನ್ ಎಫಿಷಿಯೆನ್ಸಿಯನ್ನು ಪಕ್ಕದಲ್ಲೇ ಹಾಕಿ: ಗಾಳಿಯಲ್ಲಿ ಎಷ್ಟು, ಮೈಮೇಲೆ ಎಷ್ಟು. ಎರಡನೆಯದನ್ನು ಬಿಟ್ಟುಬಿಟ್ಟ ರಿಪೋರ್ಟ್ ಅರ್ಧ ರಿಪೋರ್ಟ್.

4. ಮೈ ಕಡೆಗೆ ಗ್ರೌಂಡ್ ಪ್ಲೇನ್ ಕೊಡಿ.
ಬರೀ ಡೈಪೋಲ್ ಮೈಗೆ ಒತ್ತಿಟ್ಟರೆ ಪವರ್‌ನ ದೊಡ್ಡ ಪಾಲು ಒಳಗೇ ಹೋಗುತ್ತದೆ. ಪೂರ್ತಿ ಗ್ರೌಂಡ್ ಇರುವ ಪ್ಯಾಚ್ ಅದನ್ನು ತಡೆಯುತ್ತದೆ, ಡಿಟ್ಯೂನಿಂಗ್ ಕೂಡ ಕಡಿಮೆ. ಬ್ಯಾಂಡ್‌ವಿಡ್ತ್ ಕಿರಿದಾಗುತ್ತದೆ, ಆ ಬೆಲೆ ತೆರಲು ಸಿದ್ಧರಾಗಿ.

5. ಎಸ್‌ಎಆರ್ ಲೆಕ್ಕ ಬಾಯಿಗೇ ಬರಲಿ.
"ರೇಡಿಯೇಷನ್ ಅಪಾಯ ಅಲ್ವೇನ್ರೀ?" ಎಂದು ಎಕ್ಸಾಮಿನರ್ ಕೇಳಿಯೇ ಕೇಳುತ್ತಾರೆ. ತಡಬಡಾಯಿಸಬೇಡಿ. ಇದು ನಾನ್-ಅಯಾನೈಸಿಂಗ್, ಖಚಿತವಾಗಿ ಗೊತ್ತಿರುವ ಪರಿಣಾಮ ಶಾಖ. ಅದಕ್ಕೇ ಮಿತಿ ಇರುವುದು ಎಸ್‌ಎಆರ್‌ನಲ್ಲಿ, ಅಂದರೆ ಪ್ರತಿ ಕಿಲೋಗ್ರಾಂ ಅಂಗಾಂಶ ಹೀರುವ ವ್ಯಾಟ್ ಲೆಕ್ಕದಲ್ಲಿ. ಭಾರತದಲ್ಲಿ ಮೊಬೈಲ್‌ಗಳಿಗೆ 2012ರ ಸೆಪ್ಟೆಂಬರ್‌ನಿಂದ ಇರುವ ಮಿತಿ 1.6, ಸರಾಸರಿ 1 ಗ್ರಾಂ ಅಂಗಾಂಶದ ಮೇಲೆ. ಯೂರೋಪಿನಲ್ಲಿ ತಲೆ ಮತ್ತು ಮುಂಡಕ್ಕೆ 2, ಸರಾಸರಿ 10 ಗ್ರಾಂ ಮೇಲೆ. ಈಗ ಒಂದು ಬಾಯಿಲೆಕ್ಕ: 1 ಮಿಲಿವ್ಯಾಟ್ ಪೂರ್ತಿಯಾಗಿ ಒಂದೇ ಗ್ರಾಂನಲ್ಲಿ ಇಂಗಿದರೂ ಎಸ್‌ಎಆರ್ 1 ದಾಟದು. ಬ್ಲೂಟೂತ್ ಲೋ ಎನರ್ಜಿ ಚಿಪ್‌ಗಳು ಸಾಮಾನ್ಯವಾಗಿ ಓಡುವುದು ಇದೇ ಮಟ್ಟದಲ್ಲಿ. 100 ಮಿಲಿವ್ಯಾಟ್‌ಗೆ ಹೋದಿರೋ, ಈ ಸಮಾಧಾನ ಹೋಯಿತು, ಸಿಮ್ಯುಲೇಷನ್ ಮಾಡಲೇಬೇಕು. ಇನ್‌ಪುಟ್ ಪವರ್ ಬರೆಯದೆ ಎಸ್‌ಎಆರ್ ಸಂಖ್ಯೆ ಬರೆದರೆ ಅದಕ್ಕೆ ಅರ್ಥವೇ ಇಲ್ಲ.

6. ಬಾಗಿಸಿ, ಒದ್ದೆ ಮಾಡಿ, ಅಳೆಯಿರಿ.
ಬಟ್ಟೆಯ ಆಂಟೆನಾ ತೋಳಿನ ಸುತ್ತ ಬಾಗುತ್ತದೆ, ಬೆವರು ಹೀರುತ್ತದೆ. ನೀರು ಸೇರಿದರೆ ರೆಸೊನೆನ್ಸ್ ಮತ್ತೆ ಕೆಳಕ್ಕೆ. ಅಳತೆಗೆ ದೇಹದ ಬದಲು ಇಡುವ ಫ್ಯಾಂಟಮ್ ಕೊಳ್ಳಲು ದುಡ್ಡಿಲ್ಲವೇ? ನೀರು, ಸಕ್ಕರೆ, ಉಪ್ಪು ಸಾಕು: ಸಕ್ಕರೆ ಪರ್ಮಿಟಿವಿಟಿ ಇಳಿಸುತ್ತದೆ, ಉಪ್ಪು ಕಂಡಕ್ಟಿವಿಟಿ ಏರಿಸುತ್ತದೆ. ಸಿಮ್ಯುಲೇಷನ್‌ಗೂ ಅಳತೆಗೂ ವ್ಯತ್ಯಾಸ ಬಂದರೆ ಮುಚ್ಚಿಡಬೇಡಿ. ಕಾರಣ ಹುಡುಕಿ ಬರೆಯಿರಿ, ವೈವಾದಲ್ಲಿ ಅಂಕ ತರುವುದು ಅದೇ.

ಲ್ಯಾಬ್‌ನ ನೆಟ್‌ವರ್ಕ್ ಅನಲೈಸರ್ ಮಾತ್ರ ಈ ವಾರವೇ ಬುಕ್ ಮಾಡಿಸಿ. ಸಬ್ಮಿಷನ್ ತಿಂಗಳಲ್ಲಿ ಅದರ ಮುಂದೆ ಇಡೀ ಡಿಪಾರ್ಟ್‌ಮೆಂಟ್ ಸಾಲು ನಿಂತಿರುತ್ತದೆ.