ಚಂದ್ರಲೋಕಕ್ಕೆ ಅತಿಥಿಗಳನ್ನು ಕರೆಯುವ ಬಗೆ

ಒಂದು ಗ್ರಹವನ್ನೋ ಉಪಗ್ರಹವನ್ನೋ ಆರಿಸಿಕೊಂಡು, ಅಲ್ಲಿಗೆ ಪ್ರವಾಸಿಗರನ್ನು ಆಹ್ವಾನಿಸುವ ಪ್ರಚಾರಪತ್ರಿಕೆಯನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸುವುದು ವಿಜ್ಞಾನವನ್ನು ಕಲಿಸುವ ಒಂದು ಒಳ್ಳೆಯ ಪದ್ಧತಿ. ಪಾಠವನ್ನು ಉರುಹಚ್ಚಿದವನು ಪರೀಕ್ಷೆಯ ಮರುದಿನ ಅದನ್ನು ಮರೆಯಬಹುದು. ಅತಿಥಿಯನ್ನು ಕರೆಯುವವನಾದರೋ ದಾರಿ ಯಾವುದು, ನೀರು ಎಲ್ಲಿ, ಹಗಲೆಷ್ಟು, ಇರುಳೆಷ್ಟು ಎಂಬುದನ್ನೆಲ್ಲ ತಾನು ಮೊದಲು ಅರಿತಿರಬೇಕಾಗುತ್ತದೆ. ಇದು ಬರಿಯ ಕಲ್ಪನೆಯ ಆಟವೂ ಅಲ್ಲ. 2001ರಲ್ಲಿ ಅಮೆರಿಕೆಯ ಡೆನ್ನಿಸ್ ಟಿಟೊ ಎಂಬವರು ಸ್ವಂತ ಹಣವನ್ನು ತೆತ್ತು ಅಂತರಿಕ್ಷ ನಿಲ್ದಾಣಕ್ಕೆ ಹೋಗಿ ಬಂದರು. ಚಂದ್ರನ ನೆಲವನ್ನು ಮೆಟ್ಟಿದ ಪ್ರವಾಸಿಗರು ಮಾತ್ರ ಇನ್ನೂ ಯಾರೂ ಇಲ್ಲ.

ಮುಂಬಯಿಯ ಮಕ್ಕಳಿಗೆ ಚಂದ್ರನೇ ತಕ್ಕ ವಿಷಯ. ಈ ನಗರದ ಅಂಚಿನಲ್ಲಿ ಅವನ ಕೈವಾಡವು ಪ್ರತಿದಿನವೂ ಕಣ್ಣಿಗೆ ಬೀಳುತ್ತದೆ. ಹಾಜಿ ಅಲಿ ದರ್ಗಾಕ್ಕೆ ಹೋಗುವ ಕಾಲುದಾರಿಯು ಕಡಲು ಉಬ್ಬಿದಾಗ ನೀರಿನಲ್ಲಿ ಮುಳುಗಿ, ಇಳಿದಾಗ ಮತ್ತೆ ತೆರೆಯುತ್ತದೆ. ಆ ದಾರಿಯ ಬಾಗಿಲನ್ನು ತೆರೆದು ಮುಚ್ಚುವವನು ಚಂದ್ರನೇ ಎನ್ನಬಹುದು. ಅವನ ಆಕರ್ಷಣೆಯಿಂದ ಕಡಲು ದಿನಕ್ಕೆ ಎರಡು ಸಲ ಉಬ್ಬುತ್ತದೆ. ಉಬ್ಬರದ ವೇಳೆಯು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯನ ಸೆಳೆತವೂ ಕೂಡಿಕೊಳ್ಳುವುದರಿಂದ ಉಬ್ಬರವು ಹೆಚ್ಚು.

ದಾರಿ

ಭೂಮಿಯಿಂದ ಚಂದ್ರನಿಗೆ ಸರಾಸರಿ ದೂರ 3,84,400 ಕಿಲೋಮೀಟರು. ಮುಂಬಯಿಯಿಂದ ಬೆಂಗಳೂರಿಗೆ ಸುಮಾರು 1,000 ಕಿಲೋಮೀಟರು ಎಂದಿಟ್ಟುಕೊಂಡರೆ, ಅಂಥ 384 ಪ್ರಯಾಣಗಳನ್ನು ಒಂದರ ಮುಂದೊಂದು ಜೋಡಿಸಿದಷ್ಟಾಯಿತು. ಅಮೆರಿಕೆಯ ಅಪೊಲೊ-11 ನೌಕೆಯು 1969ರ ಜುಲೈ 16ರಂದು ಹೊರಟು 20ರಂದು ಚಂದ್ರನ ಮೇಲೆ ಯಾತ್ರಿಕರನ್ನು ಇಳಿಸಿತು. ಭಾರತದ ಚಂದ್ರಯಾನ-3 ಮಾನವರಹಿತ ನೌಕೆಯು 2023ರ ಜುಲೈ 14ರಂದು ಶ್ರೀಹರಿಕೋಟೆಯಿಂದ ಹೊರಟು, ಆಗಸ್ಟ್ 23ರಂದು ಇಳಿಯಿತು. ನಾಲ್ಕು ದಿನಗಳ ದಾರಿಗೆ ನಲವತ್ತು ದಿನಗಳೇಕೆ? ಅಪೊಲೊ ನೌಕೆಯನ್ನು ಒಯ್ದದ್ದು ಮಹಾ ಬಲಶಾಲಿಯಾದ ರಾಕೆಟ್ಟು. ನಮ್ಮ ನೌಕೆಯಾದರೋ ಭೂಮಿಯನ್ನು ಸುತ್ತುತ್ತ, ಸಮೀಪಕ್ಕೆ ಬಂದಾಗ ಇಂಜಿನ್ನನ್ನು ಉರಿಸಿ, ತನ್ನ ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸಿಕೊಂಡಿತು. ತೂಗುಯ್ಯಾಲೆಯನ್ನು ಸರಿಯಾದ ಕ್ಷಣದಲ್ಲಿ ಮೆಲ್ಲನೆ ನೂಕಿ ನೂಕಿ ಎತ್ತರಕ್ಕೆ ಏರಿಸುವಂತೆ, ಸಣ್ಣ ರಾಕೆಟ್ಟಿನಿಂದಲೇ ದೊಡ್ಡ ಕಾರ್ಯವು ನೆರವೇರಿತು. ನೌಕೆಯೊಡನೆ ಮಾತನಾಡುತ್ತಿದ್ದ ಕಿವಿಗಳಲ್ಲಿ ಒಂದು ಕನ್ನಡನಾಡಿನದು: ಬೆಂಗಳೂರಿನ ಹತ್ತಿರದ ಬ್ಯಾಲಾಳು ಗ್ರಾಮದಲ್ಲಿರುವ 32 ಮೀಟರ್ ಅಗಲದ ಆಂಟೆನಾ.

ನೋಟ

ಚಂದ್ರನ ಆಕಾಶವು ಹಾಡಹಗಲಿನಲ್ಲಿಯೂ ಕಪ್ಪು. ಬೆಳಕನ್ನು ಚೆದರಿಸಿ ನೀಲಿಯನ್ನು ಹರಡುವ ಗಾಳಿಯು ಅಲ್ಲಿಲ್ಲ. ಆ ಕಪ್ಪಿನಲ್ಲಿ ನಮ್ಮ ಭೂಮಿಯು ತೂಗಿಬಿಟ್ಟ ದೀಪದಂತೆ ಕಾಣುತ್ತದೆ. ಇಲ್ಲಿಂದ ಕಾಣುವ ಚಂದ್ರಬಿಂಬಕ್ಕಿಂತ ಅದರ ಅಗಲ ಮೂರೂವರೆ ಪಟ್ಟಿಗೂ ಹೆಚ್ಚು. ಚಂದ್ರನು ಸದಾ ಒಂದೇ ಮುಖವನ್ನು ನಮಗೆ ತೋರುವುದರಿಂದ, ಅಲ್ಲಿ ನಿಂತವನಿಗೆ ಭೂಮಿಯು ಹೆಚ್ಚುಕಡಿಮೆ ಒಂದೇ ಎಡೆಯಲ್ಲಿ ನಿಂತಿರುತ್ತದೆ. ನಮಗೆ ಅಮಾವಾಸ್ಯೆಯಾದ ದಿನ ಅವನಿಗೆ ಪೂರ್ಣ ಭೂಮಿಯ ದರ್ಶನ.

ಅಲ್ಲಿಯ ಗುರುತ್ವವು ಇಲ್ಲಿಯ ಆರರಲ್ಲೊಂದು ಪಾಲು. 36 ಕಿಲೋ ತೂಗುವ ಬಾಲಕನನ್ನು ಸ್ಪ್ರಿಂಗಿನ ತಕ್ಕಡಿಯು ಅಲ್ಲಿ 6 ಕಿಲೋ ಎಂದು ತೋರುವುದು. ಆದರೆ ಎರಡು ತಟ್ಟೆಯ ತಕ್ಕಡಿಯಲ್ಲಿ ಅವನು ಅಲ್ಲಿಯೂ 36 ಕಿಲೋ. ಏಕೆಂದರೆ ಇನ್ನೊಂದು ತಟ್ಟೆಯಲ್ಲಿಟ್ಟ ಬಟ್ಟುಗಳೂ ಅಷ್ಟೇ ಹಗುರಾಗಿರುತ್ತವೆ.

ಕಷ್ಟ

ಇಷ್ಟನ್ನೇ ಬರೆದು ನಿಲ್ಲಿಸಿದರೆ ನಿಮ್ಮ ಪತ್ರಿಕೆಯು ಅತಿಥಿಗೆ ಮೋಸ ಮಾಡಿದಂತಾಗುವುದು. ಚಂದ್ರನಲ್ಲಿ ಉಸಿರಾಡಲು ಗಾಳಿಯಿಲ್ಲ. ಗಾಳಿಯಿಲ್ಲದ ಕಾರಣ ಶಬ್ದವೂ ಇಲ್ಲ. ಹಗಲೆಂಬುದು ನಮ್ಮ ಸುಮಾರು 14 ದಿನ, ಇರುಳೂ ಅಷ್ಟೇ. ಚಂದ್ರಯಾನ-3 ನೌಕೆಯು ಇಳಿದ ‘ಶಿವಶಕ್ತಿ’ ಎಂಬ ಎಡೆಯಲ್ಲಿ ನೆಲದೊಳಕ್ಕೆ ಉಷ್ಣಮಾಪಕವನ್ನು ಇಳಿಸಿ ನೋಡಲಾಯಿತು. ಮೇಲ್ಮೈಯಲ್ಲಿ 50 ಡಿಗ್ರಿ ಸೆಲ್ಸಿಯಸ್ಸಿಗೂ ಮಿಗಿಲಾದ ಬಿಸಿ. ಕೇವಲ 8 ಸೆಂಟಿಮೀಟರ್ ಆಳದಲ್ಲಿ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ! ಅಲ್ಲಿಯ ಧೂಳು ಶಾಖವನ್ನು ಒಳಕ್ಕೆ ಬಿಡುವುದೇ ಇಲ್ಲವೆಂಬಂತಿದೆ. ಹಗಲು ಮುಗಿದಾಗ ನೌಕೆಯನ್ನೂ ಪ್ರಜ್ಞಾನ ಎಂಬ ಅದರ ಪುಟ್ಟ ಬಂಡಿಯನ್ನೂ ನಿದ್ರೆಗೊಳಿಸಲಾಯಿತು. ಸೆಪ್ಟೆಂಬರ್ 22ರಂದು ಎಚ್ಚರಿಸಲು ಯತ್ನಿಸಿದಾಗ ಅವು ಓಗೊಡಲಿಲ್ಲ.

ಗಾಳಿ ನೀರುಗಳ ಸವೆತವಿಲ್ಲದ ಅಲ್ಲಿಯ ಧೂಳಿನ ಕಣಗಳು ಗಾಜಿನ ಚೂರಿನಂತೆ ಹರಿತ. ಅಪೊಲೊ ಯಾತ್ರಿಕರ ಉಡುಪಿಗೆ ಅವು ಬಿಡದೆ ಅಂಟಿಕೊಂಡವು. ನೀರಿನ ವಿಷಯದಲ್ಲಿ ಮಾತ್ರ ಒಂದು ಆಸೆಯುಂಟು. 2008ರಲ್ಲಿ ಹಾರಿದ ಚಂದ್ರಯಾನ-1ರಲ್ಲಿದ್ದ ಉಪಕರಣವು ಚಂದ್ರನ ಮಣ್ಣಿನಲ್ಲಿ ನೀರಿನ ಅಂಶದ ಗುರುತನ್ನು ಕಂಡಿತು. ಅದು 2009ರಲ್ಲಿ ಪ್ರಕಟವಾಯಿತು. ಸೂರ್ಯನ ಬೆಳಕು ಎಂದೂ ಬೀಳದ ಧ್ರುವಗಳ ಕುಳಿಗಳಲ್ಲಿ ಹಿಮವೂ ಉಂಟು.

ಹೊಣೆ

ಇನ್ನು ಮುಖ್ಯವಾದ ಮಾತು. 1969ರಿಂದ 1972ರವರೆಗೆ 12 ಮಂದಿ ಚಂದ್ರನ ಮೇಲೆ ನಡೆದರು. ಮಳೆ ಗಾಳಿಗಳಿಲ್ಲದ ಆ ನೆಲದಲ್ಲಿ ಅವರ ಹೆಜ್ಜೆಗುರುತುಗಳು ಲಕ್ಷಾಂತರ ವರ್ಷ ಉಳಿಯಬಲ್ಲವು. ಆದರೆ ಒಬ್ಬ ಅವಿವೇಕಿ ಪ್ರವಾಸಿಯು ಅವನ್ನು ಅರೆಗಳಿಗೆಯಲ್ಲಿ ತುಳಿದು ಅಳಿಸಬಲ್ಲನು. ಅವನು ಎಸೆದ ಕಸವೂ ಅಷ್ಟೇ ಕಾಲ ಅಲ್ಲಿ ಬಿದ್ದಿರುವುದು. ನಮ್ಮ ಕೋಟೆಗಳ ಗೋಡೆಗಳಲ್ಲಿ ಹೆಸರು ಕೆತ್ತಿ ಹೋದವರ ಗುರುತುಗಳನ್ನು ನೀವು ಕಂಡೇ ಇರುವಿರಿ. ಎಲಿಫೆಂಟಾ ಗುಹೆಗಳನ್ನು ಕಾಯಲು ಸರಕಾರದ ಇಲಾಖೆಯುಂಟು. ಚಂದ್ರನನ್ನು ಕಾಯುವವರು ಯಾರು? 1967ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಯಾವ ರಾಷ್ಟ್ರವೂ ಚಂದ್ರನನ್ನು ತನ್ನದೆಂದು ಸಾಧಿಸುವಂತಿಲ್ಲ. ಯಜಮಾನನಿಲ್ಲದ ಮನೆಗೆ ಅತಿಥಿಯನ್ನು ಕರೆಯುವವನು ಯಜಮಾನನ ಹೊಣೆಯನ್ನು ತಾನೇ ಹೊರಬೇಕು. ಆದುದರಿಂದ ನಿಮ್ಮ ಪತ್ರಿಕೆಯಲ್ಲಿ ‘ಬನ್ನಿ’ ಎಂಬ ಮಾತಿನ ಜೊತೆಗೆ ‘ಹೀಗೆ ನಡೆದುಕೊಳ್ಳಿ’ ಎಂಬ ಮಾತೂ ಇರತಕ್ಕದ್ದು. ಅಂಥ ಪತ್ರಿಕೆಯನ್ನು ಬರೆಯಬಲ್ಲ ವಿದ್ಯಾರ್ಥಿಯು ಎಲಿಫೆಂಟಾಕ್ಕೆ ಹೋದಾಗಲೂ ಒಳ್ಳೆಯ ಅತಿಥಿಯಾಗಿ ವರ್ತಿಸುವನು.

ಅಭ್ಯಾಸ

1. ಒಂದು ತಿಂಗಳ ಕಾಲ ಚಂದ್ರೋದಯದ ವೇಳೆಯನ್ನೂ ಕಡಲಿನ ಉಬ್ಬರದ ವೇಳೆಯನ್ನೂ ಬರೆದಿಟ್ಟು ಹೋಲಿಸಿರಿ.

2. ನಾಲ್ವರು ಕೂಡಿ ಚಂದ್ರನ ಪ್ರಚಾರಪತ್ರಿಕೆಯನ್ನು ಬರೆಯಿರಿ. ಒಂದೊಂದು ಆಕರ್ಷಣೆಯ ಎದುರಿಗೆ ಅದಕ್ಕೆ ಸಂಬಂಧಿಸಿದ ಒಂದು ಕಷ್ಟವನ್ನೂ, ಅದರ ಕಾರಣವನ್ನೂ ಕಾಣಿಸಿರಿ.

3. ವರ್ಲಿಯಲ್ಲಿ 1977ರಲ್ಲಿ ಆರಂಭವಾದ ನೆಹರೂ ತಾರಾಲಯದ ವಿಷಯವಾಗಿ ತಿಳಿದುಕೊಳ್ಳಿರಿ. ತಾರಾಲಯಕ್ಕೂ ದೂರದರ್ಶಕವಿರುವ ವೀಕ್ಷಣಾಲಯಕ್ಕೂ ಇರುವ ಭೇದವೇನು?

4. ಚಂದ್ರನಿಗೆ ಹೋಗುವವರು ಪಾಲಿಸಬೇಕಾದ ಐದು ನಿಯಮಗಳನ್ನು ರಚಿಸಿರಿ. ಅವುಗಳಲ್ಲಿ ಎಷ್ಟು ನಿಯಮಗಳನ್ನು ನಾವು ನಮ್ಮ ಊರಿನಲ್ಲಿಯೇ ಪಾಲಿಸುತ್ತಿದ್ದೇವೆ?