ಮೊಬೈಲಿನಲ್ಲಿ ಮಾರಾಟ: ಸಣ್ಣ ಬೆಳೆಗಾರರು ತಿಳಿದಿರಬೇಕಾದ ವಿಷಯಗಳು



ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಇದ್ದಷ್ಟು ಕಾಲ ನಾವು ಬೆಳೆಗಾರರು ಗಿರಾಕಿಯ ಮುಖ ನೋಡಬೇಕಾಗಿರಲಿಲ್ಲ. ಬೆಳೆದದ್ದನ್ನು ಪೂಲಿಗೆ ಹಾಕಿ ಕಂತಿನ ಹಣಕ್ಕೆ ಕಾಯುತ್ತಿದ್ದೆವು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡ ಆ ವ್ಯವಸ್ಥೆ 1996ರಲ್ಲಿ ಕೊನೆಗೊಂಡಿತು. ಮಾರುವ ಸ್ವಾತಂತ್ರ್ಯದ ಜೊತೆಗೆ ಮಾರುವ ಹೊಣೆಯೂ ನಮ್ಮ ಹೆಗಲೇರಿತು. ಈಗ ಅನೇಕ ಸದಸ್ಯರ ಮನೆಗಳಲ್ಲಿ ಮಕ್ಕಳು, ಸೊಸೆಯಂದಿರು ವಾಟ್ಸ್ಯಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಮೂಲಕ ಕಾಫಿಪುಡಿ, ಕಾಳುಮೆಣಸು, ಹಾಳೆತಟ್ಟೆ ಮಾರಲು ಹೊರಟಿದ್ದಾರೆ. ಇದನ್ನು ನಡೆಸುವುದು ಹೇಗೆಂದು ಕೇಳುವವರಿಗಾಗಿ ಈ ಲೇಖನ.

ಮೊದಲ ಮಾತು: ಇದನ್ನು ಅಂಗಡಿಯೆಂದೇ ತಿಳಿದು ನಡೆಸಬೇಕು. ಬಾಗಿಲು ತೆರೆದ ಮೇಲೆ ಬಂದವರಿಗೆ ಉತ್ತರ ಕೊಡುವವರಿರಬೇಕು, ತೂಕ ಸರಿಯಿರಬೇಕು, ಲೆಕ್ಕ ಬರೆದಿರಬೇಕು.

1. ಗಿರಾಕಿ ಯಾರು?

ನಮ್ಮನ್ನು ಕಂಡರಿಯದ ದೂರದ ಒಬ್ಬ ಗಿರಾಕಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಆರ್.ಎಚ್. ಕ್ಯಾಂಪ್‌ಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ನೆಲೆ ಕಲ್ಪಿಸಿದ ಪುನರ್ವಸತಿ ಶಿಬಿರಗಳಿವು. ಸುತ್ತ ತುಂಗಭದ್ರಾ ಕಾಲುವೆಯ ಭತ್ತದ ಸೀಮೆ. ಅಲ್ಲಿನ ಒಬ್ಬ ಅಂಗಡಿಯವರು ನಮ್ಮ ಕಾಫಿಪುಡಿಯ ಚಿತ್ರ ನೋಡಿ ವಿಚಾರಿಸಿದರೆಂದು ಇಟ್ಟುಕೊಳ್ಳಿ.

ಅವರಿಗೆ ನಮ್ಮ ತೋಟ ಗೊತ್ತಿಲ್ಲ, ಸಂಘ ಗೊತ್ತಿಲ್ಲ. ಅವರ ಗಿರಾಕಿಗಳಲ್ಲಿ ಬಹಳ ಮಂದಿ ಚಹಾ ಕುಡಿಯುವವರು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ, ಹಿಂದಿ ಕೇಳಿಬರುವ ಜಾಗ. ಇಂಥವರಿಗೆ "ಮಲೆನಾಡಿನ ಘಮಘಮಿಸುವ ಕಾಫಿ" ಎಂದು ಬರೆದರೆ ಏನು ತಿಳಿದಂತಾಯಿತು? ಪುಡಿಯಲ್ಲಿ ಚಿಕೋರಿ ಎಷ್ಟು, ಫಿಲ್ಟರ್ ಇಲ್ಲದ ಮನೆಯಲ್ಲಿ ಬಟ್ಟೆಯಲ್ಲಿ ಸೋಸಿ ಡಿಕಾಕ್ಷನ್ ತೆಗೆಯುವುದು ಹೇಗೆ, ಕಿಲೋ ಏನು ಬೆಲೆ, ಎಷ್ಟು ದಿನದಲ್ಲಿ ತಲುಪುತ್ತದೆ: ಅವರಿಗೆ ಬೇಕಾದದ್ದು ಈ ನಾಲ್ಕು ಸಂಗತಿ. ಅವನ್ನು ಸರಳ ಕನ್ನಡದಲ್ಲಿ ಬರೆದು, ಸಾಧ್ಯವಾದರೆ ಹಿಂದಿಯಲ್ಲೂ ಒಂದು ಪ್ರತಿ ಸಿದ್ಧಮಾಡಿಡಿ.

2. ಏನನ್ನು ತೋರಿಸಬೇಕು?

2021ರಲ್ಲಿ ಪುತ್ತೂರಿನ 'ಅಡಿಕೆ ಪತ್ರಿಕೆ'ಯ ಬಳಗ ಬಾಳೆಕಾಯಿ ಹುಡಿಯ ಪ್ರಚಾರಕ್ಕೆ ಕೈಹಾಕಿ, ಅದಕ್ಕೆ 'ಬಾಕಾಹು' ಎಂದು ಚಿಕ್ಕ ಹೆಸರಿಟ್ಟಿತು. ವಾಟ್ಸ್ಯಾಪ್ ಮೂಲಕ ವಿಷಯ ಮನೆಮನೆಗೆ ಹಬ್ಬಿತು. ಕಾಯಿ ಹೆಚ್ಚಿ ಒಣಗಿಸುವ ಬಗೆಯನ್ನೂ ಹುಡಿಯಿಂದ ಮಾಡಿದ ತಿಂಡಿಗಳನ್ನೂ ಜನ ತಾವೇ ಮಾಡಿ ತೋರಿಸಿದ್ದು ಅದರ ಬಲವಾಗಿತ್ತು. "ಕೊಳ್ಳಿರಿ" ಎಂದು ದಿನವೂ ಕೂಗುವುದಕ್ಕಿಂತ ಬಳಸುವ ಬಗೆ ತೋರಿಸುವುದು ಹೆಚ್ಚು ಫಲ ಕೊಡುತ್ತದೆ.

ನಮ್ಮಲ್ಲಿ ತೋರಿಸಲು ವರ್ಷವಿಡೀ ಕೆಲಸವಿದೆ. ಹೂಮಳೆ, ಕಸಿ, ಹಣ್ಣು ಕೊಯ್ಲು, ಕಣದಲ್ಲಿ ಒಣಗಿಸುವುದು, ಹುರಿಯುವುದು. ವಾರಕ್ಕೆ ಎರಡು ಚಿತ್ರ ಸಾಕು. ಬೆಳಗಿನ ಬೆಳಕಿನಲ್ಲಿ, ನಮ್ಮದೇ ಸರಕಿನ ಚಿತ್ರ ತೆಗೆಯಿರಿ. ಬೇರೆಯವರ ಚಿತ್ರ ಎತ್ತಿ ಹಾಕಿದರೆ ಕಳುಹಿಸಿದ ಮಾಲು ಅದಕ್ಕೆ ಹೊಂದದೆ ಜಗಳಕ್ಕೆ ದಾರಿಯಾಗುತ್ತದೆ.

3. ಸುಳ್ಳು ಬೇಡ

ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಎರಡರ ಪ್ರಮಾಣವನ್ನೂ ಚೀಟಿಯಲ್ಲಿ ನಮೂದಿಸಬೇಕು ಎಂಬುದು ಆಹಾರ ಸುರಕ್ಷತಾ ನಿಯಮ. ಪೊಟ್ಟಣದ ಮೇಲೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ತಿಂಗಳು ಮತ್ತು ವರ್ಷ, ದೂರು ಸಲ್ಲಿಸುವ ದೂರವಾಣಿ ಸಂಖ್ಯೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಅಥವಾ ಪರವಾನಗಿ ಸಂಖ್ಯೆ ಇರಬೇಕು. ಮನೆಯಲ್ಲಿ ಹುರಿದು ಮಾರುವವರಿಗೂ ನೋಂದಣಿ ಬೇಕು. ಹುರಿದ ದಿನಾಂಕವನ್ನೂ ಬರೆಯಿರಿ. ಪುಡಿಯ ಪರಿಮಳ ಬಹುಕಾಲ ನಿಲ್ಲುವುದಿಲ್ಲ.

ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಹಾಗೂ ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಬೇರೆ ಕಡೆಯ ಮಾಲಿಗೆ ಆ ಹೆಸರು ಹಚ್ಚಬಾರದು. ಅಡಿಕೆ ಆರೋಗ್ಯಕ್ಕೆ ಒಳ್ಳೆಯದೆಂಬ ಬರಹಗಳನ್ನೂ ಹಂಚಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು 2004ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ನಮಗೆ ಇದು ಕಹಿಯಾದ ಸಂಗತಿ. ಆದರೂ ಬೆಳೆಗಾರರೇ ಔಷಧಿಯೆಂದು ಸಾರಿ ಸಿಕ್ಕಿಬಿದ್ದರೆ ನಮ್ಮ ಬೇರೆ ಮಾತುಗಳನ್ನೂ ಯಾರೂ ನಂಬುವುದಿಲ್ಲ.

4. ಉತ್ತರ ಕೊಡುವ ವ್ಯವಸ್ಥೆ

ವಾಟ್ಸ್ಯಾಪ್ ಬಿಸಿನೆಸ್ ಎಂಬ ಉಚಿತ ಆ್ಯಪ್ 2018ರಿಂದ ಇದೆ. ಸರಕಿನ ಪಟ್ಟಿ, ಬೆಲೆ, ಕೆಲಸದ ವೇಳೆ ಇವನ್ನೆಲ್ಲ ಅದರಲ್ಲಿ ಹಾಕಿಡಬಹುದು. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಬಹುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕುಳಿತು ಉತ್ತರಿಸುವ ಪದ್ಧತಿ ಇಟ್ಟುಕೊಳ್ಳಿ. ಕೊಯ್ಲಿನ ದಿನಗಳಲ್ಲಿ ಆಗದಿದ್ದರೆ "ಎರಡು ದಿನ ತಡ" ಎಂದು ಮೊದಲೇ ತಿಳಿಸಿ.

ಗಿರಾಕಿಗಳನ್ನು ಕೇಳದೆ ಗುಂಪಿಗೆ ಸೇರಿಸಬೇಡಿ. ಗುಂಪಿನಲ್ಲಿ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಾದರೆ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ. ಆದರೆ ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ; ಆದ್ದರಿಂದ ಮೊದಲ ಮಾರಾಟದಲ್ಲೇ ಉಳಿಸಿಕೊಳ್ಳಲು ಹೇಳಿ.

5. ಸಾಗಣೆಯ ಲೆಕ್ಕ

ಲೆಕ್ಕಕ್ಕಾಗಿ, ಅರ್ಧ ಕಿಲೋ ಪುಡಿಗೆ 500 ರೂ. ಎಂದು ಹಿಡಿಯೋಣ. ಅಂಚೆಗೆ 80, ಕಟ್ಟಲು 20, ಒಟ್ಟು 100 ರೂ. ತಗಲಿದರೆ ಬೆಲೆಯ ಐದನೇ ಒಂದು ಪಾಲು ದಾರಿಯಲ್ಲೇ ಹೋಯಿತು. ಅದೇ ಕ್ಯಾಂಪಿನ ಅಂಗಡಿಯವರು ಹತ್ತು ಪೊಟ್ಟಣ ಒಟ್ಟಿಗೆ ತರಿಸಿ, ಸಾಗಣೆಗೆ 250 ರೂ. ಬಿದ್ದರೆ ಅದು ಇಪ್ಪತ್ತನೇ ಒಂದು ಪಾಲು ಮಾತ್ರ. ಆದ್ದರಿಂದ ನೂರು ಬಿಡಿ ಗಿರಾಕಿಗಳಿಗಿಂತ ತಿಂಗಳು ತಿಂಗಳು ತರಿಸುವ ಹತ್ತು ಅಂಗಡಿಗಳು ನಮಗೆ ಮೇಲು. ಚಿತ್ರ ಮೆಚ್ಚಿದವರ ಸಂಖ್ಯೆಯನ್ನು ಲೆಕ್ಕಹಾಕದೆ ಎರಡನೇ ಸಲ ಕೊಂಡವರ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯಿರಿ.

6. ದೂರು, ಮೋಸ

ಪೊಟ್ಟಣ ಒಡೆದಿದೆ ಎಂದು ಯಾರಾದರೂ ಎಲ್ಲರೆದುರು ಬರೆದರೆ ಅದನ್ನು ಅಳಿಸಬೇಡಿ, ವಾದಕ್ಕೂ ಇಳಿಯಬೇಡಿ. ಚಿತ್ರ ತರಿಸಿ ನೋಡಿ, ತಪ್ಪು ನಮ್ಮದಾದರೆ ಬೇರೆ ಕಳುಹಿಸಿ, ಹಾಗೆ ಕಳುಹಿಸಿದ್ದನ್ನು ಅಲ್ಲೇ ತಿಳಿಸಿ. ಅದನ್ನು ಓದುವ ಇತರರಿಗೆ ನಮ್ಮ ನಡತೆ ಗೊತ್ತಾಗುತ್ತದೆ.

"ದೊಡ್ಡ ಆರ್ಡರ್ ಇದೆ, ಮುಂಗಡ ಕಳುಹಿಸುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುವವರ ಬಗ್ಗೆ ಎಚ್ಚರ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದು ನಮ್ಮದೇ. ಮೋಸವಾದರೆ ತಡಮಾಡದೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ.

7. ಬೀಗದ ಕೈ ಯಾರ ಬಳಿ?

ಖಾತೆಯನ್ನು ತೆರೆದ ಹುಡುಗ ಕೆಲಸ ಬಿಟ್ಟು ಪಟ್ಟಣ ಸೇರಿದರೆ, ಅವನ ನಂಬರಿನ ಜೊತೆ ನಮ್ಮ ಗಿರಾಕಿಗಳೆಲ್ಲ ಹೋದಂತೆ. ವ್ಯಾಪಾರಕ್ಕೆಂದೇ ಪ್ರತ್ಯೇಕ ಸಿಮ್ ಮಾಲೀಕರ ಹೆಸರಿನಲ್ಲಿರಲಿ. ಪಾಸ್‌ವರ್ಡನ್ನು ಮನೆಯ ಇಬ್ಬರು ತಿಳಿದಿರಲಿ, ಎರಡು ಹಂತದ ಪರಿಶೀಲನೆ ಹಾಕಿರಲಿ. ಗಿರಾಕಿಗಳ ಹೆಸರು ವಿಳಾಸ ಕಾಗದದ ಪುಸ್ತಕದಲ್ಲೂ ಇರಲಿ.

ಹತ್ತು ಮಂದಿ ಸದಸ್ಯರು ಒಂದೇ ಊರಿನ ಹೆಸರಿನಲ್ಲಿ ಮಾರುವಾಗ ಒಬ್ಬರ ಹಳೆಯ ಪುಡಿ ಉಳಿದ ಒಂಬತ್ತು ಮಂದಿಯ ಗಿರಾಕಿಯನ್ನೂ ಕಳೆಯುತ್ತದೆ. ಹಾಗೆಯೇ ಒಬ್ಬರ ಸರಿಯಾದ ತೂಕ ಉಳಿದವರಿಗೂ ದಾರಿ ಮಾಡಿಕೊಡುತ್ತದೆ. ಮುಂದಿನ ಮಾಸಿಕ ಸಭೆಗೆ ಬರುವಾಗ ತಾವು ಮಾರುವ ಒಂದು ಪೊಟ್ಟಣವನ್ನೂ ಅದರ ಬಗ್ಗೆ ಮೊಬೈಲಿನಲ್ಲಿ ಬರೆದದ್ದನ್ನೂ ತನ್ನಿ. ಎರಡೂ ಒಂದನ್ನೇ ಹೇಳುತ್ತಿವೆಯೇ ಎಂದು ಕೂಡಿ ಕುಳಿತು ನೋಡೋಣ.

— ಕಾರ್ಯದರ್ಶಿ